ಮೀಡಿಯಂ

11 ಮಾರ್ಚ್ 2019, ಪೆಟಾಲಿಂಗ್ ಜಯಾ

…ಅದೇ, ನಿನ್ನೆ ಬರೆಯುತ್ತಿದ್ದೆನಲ್ಲ, ಸುಗಂಧಿಯ ಪಾಚಿ. ಪಾಚಿ ಅಂದರೆ ನನ್ನ ಹೆಂಡತಿ ರೇಗುತ್ತಿದ್ದಳು. "ಪಾಚಿ ಬಚ್ಚಲಲ್ಲಿರೋದು ರೀ, ಇದು ಮಾಸ್." 2010ರಲ್ಲಿ ನಾರ್ವೆಯ ಬೆಟ್ಟದ ಜೌಗಿನಿಂದ ತಂದ ಎರಡು ಪೊಟ್ಟಣ. ಅವಳು ತೀರಿಕೊಂಡು ಒಂದೂವರೆ ವರ್ಷ, ಇನ್ನೂ ಕಪಾಟಿನಲ್ಲೇ ಇವೆ. ಶನಿವಾರ ಫಹ್ಮೀದಾ ಒಯ್ಯುತ್ತಾಳೆ. ಸುಗಂಧಿಯ ಶಿಷ್ಯೆ, ಈಗ ನಿಲಾಯ್‌ನಲ್ಲಿ ಲೆಕ್ಚರರ್. ಕನ್ನಡ ಆಡುತ್ತಾಳೆ, ಓದಲು ಬಾರದು.

"ಆಗ ಎರಡಕ್ಕೂ ಒಂದೇ ಹೆಸರು ಅಂಕಲ್. ಹೋದ ವರ್ಷ ಬೇರೆ ಮಾಡಿದ್ರು — ಒಂದು ಮೀಡಿಯಂ, ಒಂದು ಡಿವಿನಂ. ಮೇಡಂ ಎಂಟು ವರ್ಷ ಮುಂಚೆನೇ ಬೇರೆ ಬೇರೆ ಇಟ್ಟಿದ್ರು. ಅದನ್ನ ಎಲ್ರಿಗೂ ತೋರಿಸ್ಬೇಕು" ಎಂದಳು ಫೋನಿನಲ್ಲಿ.

ಮೀಡಿಯಂ. ಲಾರ್ಜ್, ಮೀಡಿಯಂ, ಸ್ಮಾಲ್ — ಇಷ್ಟು ಇಂಗ್ಲಿಷ್ ಮರೆತಿಲ್ಲ. ಎರಡರಲ್ಲೂ ಚಿಕ್ಕದು ದೊಡ್ಡದು ಬೆರೆತಿದ್ದವು; ಎರಡೂ ಪೊಟ್ಟಣ ಹಾಳೆಯ ಮೇಲೆ ಸುರಿದೆ. ದೊಡ್ಡವು ಅತ್ತ, ಸಾಧಾರಣದವು ಇತ್ತ. ನಲವತ್ತೊಂದು ಎಳೆ. ಚೊಕ್ಕ ಕೆಲಸ.

12 ಮಾರ್ಚ್

ಹೆಮ್ಮೆಯಿಂದ ಫಹ್ಮೀದಾಳಿಗೆ ಫೋನ್ ಮಾಡಿ ಹೇಳಿದೆ.

"ಅಂಕಲ್, ಅದು ಸೈಜ್ ಅಲ್ಲ, ಹೆಸರು. ಮೀಡಿಯಂ ಜೌಗಿನ ನಡುವೆ ಬೆಳೆಯೋದು. ಡಿವಿನಂ ಹೆಚ್ಚಾಗಿ ಅಂಚಲ್ಲಿ, ಮರದ ಕೆಳಗೆ."

"ನೀನೇ ಮೈಕ್ರೋಸ್ಕೋಪಿನಲ್ಲಿ ನೋಡಿ ಬಿಡಿಸಮ್ಮ."

"ಬಿಡಿಸಬಹುದು. ಆದ್ರೆ ಆಗ ಬಿಡಿಸಿದ್ದು ನಾನು. ಮೇಡಂ ಬಿಡಿಸಿದ್ರು ಅನ್ನೋಕೆ ಏನುಳೀತು?"

ಸುಗಂಧಿ ಕನ್ನಡ ಮೀಡಿಯಂ, ನಾನು ಇಂಗ್ಲಿಷ್ ಮೀಡಿಯಂ. ಮೂವತ್ತು ವರ್ಷ ಅದನ್ನೇ ಆಡಿಕೊಂಡೆ.

ಕೆಳಗೆ ಮಾಮಕ್ ಹೋಟೆಲಿಗೆ ಹೋಗಿ ಟೀ ಹೇಳಿದೆ. ಅರ್ಧ ಬಿಟ್ಟು ಬಂದೆ. ಮತ್ತೆ ಹೋದೆ.

15 ಮಾರ್ಚ್, ಸಂಜೆ

ಖಾಲಿ ಪೊಟ್ಟಣ ಎಸೆಯಲು ತೆಗೆದರೆ, ಮಡಿಕೆಯೊಳಗೆ ಪೆನ್ಸಿಲ್ ಅಕ್ಷರ. ಕನ್ನಡ. ಒಂದರಲ್ಲಿ: 'ನಡು. ಬಯಲು.' ಇನ್ನೊಂದರಲ್ಲಿ: 'ಅಂಚು. ಪೈನ್ ಮರದ ಸೂಜಿ ಎಲೆಗಳು ಸಿಕ್ಕಿಕೊಂಡಿವೆ, ಕೀಳಬೇಡಿ.'

ಕೀಳಬೇಡಿ. ಶಿಷ್ಯರಿಗೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಕನ್ನಡದಲ್ಲಿ, ಬಹುವಚನದಲ್ಲಿ ಬರೆದರೆ ಈ ಊರಿನಲ್ಲಿ ಅದು ಒಬ್ಬನಿಗೇ. ಕಂಡದ್ದನ್ನೆಲ್ಲ ಚೊಕ್ಕ ಮಾಡುವವನಿಗೆ.

ಫಹ್ಮೀದಾಳಿಗೆ ಓದಿ ಹೇಳಿದೆ. "ಸೂಜಿ ಇರೋದಷ್ಟೇ ಬೇರೆ ಮಾಡಿ ಅಂಕಲ್. ಮೈಕ್ರೋಸ್ಕೋಪಲ್ಲಿ ಅವೆಲ್ಲ ಡಿವಿನಂ ಅಂತ ಕಂಡ್ರೆ ಮೇಡಂ ಗೆದ್ದ ಹಾಗೆ. ಉಳಿದದ್ದರ ಮೇಲೆ ನಿಜ ಬರೆದುಬಿಡಿ."

ಕಿಟಕಿಗೆ ಕುರ್ಚಿ ಎಳೆದುಕೊಂಡೆ. ಸೂಜಿ ಇರುವವು ಹದಿನಾಲ್ಕು. ಇಲ್ಲದವಕ್ಕೆ ಮೂರನೆಯ ಪೊಟ್ಟಣ. ಮೇಲೆ ಬರೆದೆ: 'ಬೆರೆಸಿದವನು ನಾನು.' ಕೊನೆಯದೊಂದು ಕೈಯಲ್ಲಿದೆ. ಸಂದಿಯಲ್ಲಿ ಕಂದು ಗೆರೆ — ಸೂಜಿಯೋ, ಅದರದೇ ಕಡ್ಡಿಯೋ… ಉಗುರು ಹಾಕಿ ಎಳೆದರೆ ಗೊತ್ತಾಗುತ್ತದೆ. ಎಳೆಯುವುದಿಲ್ಲ. ಬೆಳಕು ಹೋಗುತ್ತಿದೆ, ಇನ್ನೊಂದು ಸಲ ಕಿಟಕಿಗೆ ಹಿಡಿದು…