ಮುಂದಿನ ಚಕ್ರದ ಬ್ರೇಕ್ ಪೈಪು

ಮರ್ವ್,

ರೇಡಿಯೋದಲ್ಲಿ ಎಷ್ಟು ಕೂಗಿದರೂ ನೀನು ಸಿಗಲಿಲ್ಲ. ಹಳ್ಳಕ್ಕೆ ಇಳಿಯುವಾಗ ಹಳೇ ಜೀಪು ಉರುಳಿ ನಿನ್ನ ತಮ್ಮ ಡೆನ್ನಿಯ ಬೆನ್ನುಮೂಳೆ ಮುರಿದಿದೆ. ಕಾಲು ಆಡುತ್ತಿಲ್ಲ. ಡಾಕ್ಟರ ವಿಮಾನದಲ್ಲಿ ಅವನ ಜೊತೆ ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಗೆ ಹೊರಟಿದ್ದೇನೆ.

ಜೀಪಿನ ಮುಂಭಾಗ ಎತ್ತರವಾಗಲಿ ಎಂದು ನೀನು ಉದ್ದದ ಸ್ಪ್ರಿಂಗ್ ಹಾಕಿದೆ, ಬ್ರೇಕಿನ ರಬ್ಬರ್ ಪೈಪು ಮಾತ್ರ ಹಳೆಯದನ್ನೇ ಬಿಟ್ಟೆ. ಚಕ್ರ ಗುಂಡಿಗೆ ಇಳಿದಾಗ ಅದು ಜಗ್ಗಿ ಕಿತ್ತುಹೋಗಿ ಬ್ರೇಕೇ ಹಿಡಿದಿಲ್ಲ. ನಾನೇ ಬಗ್ಗಿ ನೋಡಿದೆ. ಅದನ್ನೂ ಬದಲಾಯಿಸು ಎಂದು ನಾನು ಹೇಳಿದಾಗ ನೀನು "ಅಷ್ಟು ಉದ್ದ ಸಾಕು ಬಿಡೇ" ಅಂದಿದ್ದೆ.

ನಾಯಿಗಳಿಗೆ ನೀರಿಡು. ಒಲೆಯ ಮೇಲೆ ಕುರಿಮಾಂಸದ ಸಾರಿದೆ, ಉಂಡೇ ಹೊರಡು. ಅತ್ತೆಗೆ ನೀನೇ ಹೇಳಬೇಕು.

ಸ್ಟ್ರೆಚರ್ ಮೇಲೆ ಮಲಗಿದ್ದ ಡೆನ್ನಿ ನನ್ನ ಕೈ ಹಿಡಿದು, "ಅತ್ತಿಗೆ, ಬ್ರೇಕ್ ನಾನೇ ತಡವಾಗಿ ಒತ್ತಿದೆ ಅಂತ ಅಣ್ಣಂಗೆ ಹೇಳಿ" ಅಂದ. ಹೂಂ ಅಂದೆ. ಆದರೆ ಆ ಸುಳ್ಳು ಬರೆಯಲು ನನಗೆ ಕೈ ಬರಲಿಲ್ಲ.

ಗ್ಲೆನಿಸ್