ಜಿಮ್ಮಿ ಮೂಸ್ತಾ ಇದ್ರೆ ಎಳೀಬೇಡಿ

ರೀ,

ಕೆ.ಆರ್. ಪುರಕ್ಕೆ ಹೊರಟೆ. ಅಮ್ಮನ ಕಣ್ಣಿನ ಆಪರೇಷನ್ ಮುಗಿಸ್ಕೊಂಡು ನಾಳೆ ಸಂಜೆ ಬರ್ತೀನಿ. ಸಾರು ಮಾಡಿಟ್ಟಿದ್ದೀನಿ, ಅನ್ನ ಮಾತ್ರ ಮಾಡ್ಕೊಳ್ಳಿ.

ಜಿಮ್ಮಿನ ನೀವೇ ವಾಕಿಂಗ್ ಕರ್ಕೊಂಡು ಹೋಗ್ಬೇಕು. ಮಸೀದಿ ಇರೋ ಮಾಸ್ಕ್ ರೋಡ್ ಕಡೆ ಬೇಡ. ರಂಜಾನ್ ತಿಂಗಳು, ರೋಡ್ ತುಂಬಾ ತಿಂಡಿ ಅಂಗಡಿ, ಕಬಾಬ್ ಮೂಳೆ ಸಿಕ್ಕಿದ್ರೆ ಮೂಸಿ ನುಂಗೇಬಿಡ್ತಾನೆ. ಚರ್ಚ್ ಕಾಂಪೌಂಡ್ ಪಕ್ಕ ಎಷ್ಟು ಬೇಕಾದ್ರೂ ಮೂಸ್ಲಿ, ಎಳೀಬೇಡಿ. ಸಾಕಾದಾಗ ತಾನೇ ಬರ್ತಾನೆ. ಕತ್ತು ಬಿಗಿಯೋ ಆ ಕಬ್ಬಿಣದ ಚೈನ್ ತಂದಿದ್ರಲ್ಲ, ಅದನ್ನ ಬಚ್ಚಿಟ್ಟಿದ್ದೀನಿ. ಹುಡುಕ್ಬೇಡಿ.

"ನಾಯಿ ಸುತ್ತಿಸೋಕೆ ಒಂದು ಗಂಟೆ ಬೇಕಾ?" ಅಂತ ದಿನಾ ಕೇಳ್ತೀರಿ. ಅವನು ಒಂದೊಂದು ಕಂಬ ಮೂಸೋವಾಗ ನಾನು ಪಕ್ಕದಲ್ಲಿ ಸುಮ್ನೆ ನಿಂತಿರ್ತೀನಿ. ಬೆಳಗಿಂದ ರಾತ್ರಿವರೆಗೆ ನಾನು ಸುಮ್ನೆ ನಿಲ್ಲೋದು ಅಷ್ಟೊತ್ತು ಮಾತ್ರ ರೀ.

ಸುಕನ್ಯ