ಕಾವಿ ಹಚ್ಚಿದ ಮೂರು ದಿನ

ಸೊಲ್ಲಾಪುರ
೧೮-೧೧-೧೯೯೭

ಚಿ. ಸೌ. ಅನುಜಾಗೆ ನಿನ್ನ ಅವ್ವನ ಆಶೀರ್ವಾದಗಳು.

ನೀನು ದವಾಖಾನೆಯಿಂದ ಊಟ ಮಾಡದೆ ಅಕ್ಕಲಕೋಟೆಗೆ ಹೋಗಿ ಹನ್ನೆರಡು ದಿನವಾದವು. ನಿನ್ನ ತಂಗಿ ಶ್ರೀಲೇಖಾ ನಿನ್ನೆ ಮನೆಗೆ ಬಂದಳು. ಜ್ವರವಿಲ್ಲ. ಗುಳ್ಳೆಗಳು ಒಣಗಿವೆ, ಸೊಂಟದ ಉರಿ ಮಾತ್ರ ಇದೆ. ಊಟಕ್ಕೆ ಕೂತು, "ಅವ್ವಾ, ನಿನ್ನ ಸಾರು ದವಾಖಾನಿ ಸಾರಿಗಿಂತ ಭಾಳ ಛಲೋ ಏನಿಲ್ಲ ಬಿಡು" ಎಂದಳು. ಅಂದರೆ ಸುಧಾರಿಸಿದ್ದಾಳೆ.

ನಿನ್ನ ಬಿಳಿ ರಕ್ತಕಣ ಅವಳಿಗೆ ಕೊಟ್ಟ ಮೇಲೆಯೇ ಈ ನಾಗಿಣಿ ಗುಳ್ಳೆ, ಸರ್ಪಸುತ್ತು, ಯಾಕೆ ಎದ್ದಿತು ಎಂದು ಡಾಕ್ಟರರನ್ನು ಕೇಳಿದೆ. ವೈರಸ್ ನಿನ್ನಿಂದ ಬಂದದ್ದಲ್ಲ. ಎರಡನೇ ಇಯತ್ತೆಯಲ್ಲಿ ಅವಳಿಗೆ ಸೀತಾಳೆ ಅಮ್ಮ ಎದ್ದು ಹತ್ತು ದಿನ ಶಾಲೆ ತಪ್ಪಿತ್ತಲ್ಲ, ಅದೇ ವೈರಸ್ ಅಂದಿನಿಂದ ಅವಳ ನರದಲ್ಲಿ ಅಡಗಿತ್ತಂತೆ. ಹೋದ ವರ್ಷ ನಿನ್ನ ಅಸ್ಥಿಮಜ್ಜೆ ಹಾಕುವಾಗ ಅವಳ ಮೈಯ ಹಳೆಯ ಕಾವಲು ಅಳಿಸಿದ್ದರು. ಹೊಸದು ಇನ್ನೂ ಗಟ್ಟಿಯಾಗಿಲ್ಲ. ನಿನ್ನ ಕಣಗಳು ತಮ್ಮ ಕೆಲಸ ಮಾಡುತ್ತಿವೆ. ತಿರುಗಿ ಬಂದಿದ್ದ ರಕ್ತದ ಕ್ಯಾನ್ಸರ್ ಅರ್ಧಕ್ಕೆ ಇಳಿದಿದೆ.

ಡಿಸೆಂಬರ್ ಎಂಟಕ್ಕೆ ಮುಂಬೈಯಲ್ಲಿ ಎರಡನೇ ಸಲ ರಕ್ತಕಣ ಕೊಡಬೇಕು. ಮನೆಯಲ್ಲಿ ಹೊಂದುವುದು ನಿನ್ನದೊಂದೇ. ನೀನು ಬರುವುದಿಲ್ಲವೆಂದು ಅಳಿಯಂದಿರು ಹೇಳಿದರು. "ನನ್ನ ರಕ್ತದಿಂದ ತಂಗಿ ಸಾಯೋದು ಬ್ಯಾಡ" ಎಂದೆಯಂತೆ. ಆ ಮಾತು ನಾನು ನಿನ್ನ ತಲೆಗೆ ತುಂಬಿದ್ದು. ವಾರ್ಡಿನ ಬಾಗಿಲಲ್ಲಿ ಎಲ್ಲರೆದುರು, "ನಿನ್ನ ರಕ್ತ ಅಕಿಗೆ ಒಗ್ಗಲಿಲ್ಲ, ವಿಷ ಆತು" ಎಂದೆ. ಸಂಕಟದಲ್ಲಿ ಬಾಯಿ ತಪ್ಪಿತು. ಮನಸ್ಸಿನಲ್ಲಿಟ್ಟುಕೊಳ್ಳಬೇಡ. ನಿಮ್ಮಪ್ಪ ಮುಂಬೈ ಗಾಡಿಗೆ ನಿನ್ನ ಹೆಸರಿನಲ್ಲೂ ಟಿಕೀಟು ತೆಗೆಸಿದ್ದಾರೆ.

ನಿನ್ನ ದಾರಿ ನೋಡುವ,
ಅವ್ವ
ವೇಣೂಬಾಯಿ

ತಾ.ಕ.: ಬಾಯಿ ತಪ್ಪಿತು ಎಂದು ಬರೆದದ್ದು ಸುಳ್ಳು. ಗುಳ್ಳೆ ಎದ್ದ ಮೊದಲ ದಿನವೇ ಶ್ರೀಲೇಖಾ ಡಾಕ್ಟರರಿಗೆ ಫೋನ್ ಮಾಡು ಎಂದಿದ್ದಳು. ನಾನು ನಾಗಿಣಿಗೆ ನಾಟಿ ಮದ್ದು ಮಾಡುವ ತಡವಳದ ಸಕ್ಕುಬಾಯಿಯನ್ನು ಕರೆಸಿದೆ. ನಾಗಿಣಿಯ ಹೆಡೆ, ಬಾಲ ಕೂಡಿದರೆ ಜೀವಕ್ಕೆ ಅಪಾಯವೆಂದು ಅವಳು ಸೊಂಟಕ್ಕೆ ಕಾವಿ ಹಚ್ಚಿದಳು. ಕಾವಿ ಇರುವತನಕ ಬೇರೆ ಔಷಧ ಬೇಡವೆಂದಳು. ಮೂರು ದಿನ ತಡೆದೆ. ಅಷ್ಟರಲ್ಲಿ ಮೈತುಂಬ ಹರಡಿತ್ತು. ಇಷ್ಟು ತಡ ಯಾಕಾಯಿತೆಂದು ಡಾಕ್ಟರರು ಕೇಳುತ್ತಿದ್ದಾಗ ನೀನು ಬಂದು ಬಾಗಿಲಲ್ಲಿ ನಿಂತೆ. ಅದಕ್ಕೇ ತಪ್ಪನ್ನು ನಿನ್ನ ಮೇಲೆ ಹಾಕಿದೆ. ನಿಮ್ಮಪ್ಪನಿಗೆ ಇದು ಗೊತ್ತಿಲ್ಲ. ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ, ಪಾಕೀಟು ಬೇಕೆಂದೇ ಅಂಟಿಸಿಲ್ಲ.